ಮಸಿ ಓದುವ ಹಿತ್ತಾಳೆರಾಯರು

ಅಮೆರಿಕದ ಟೆಕ್ಸಸ್ಸಿನಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಈ ಮನುಷ್ಯನ ಪರಿಚಯ ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ. ಅರವತ್ತು ದಾಟಿದ ನಿವೃತ್ತ ಎಂಜಿನಿಯರು. ಕಾರು ಬಿಸಿಲಲ್ಲಿ ಬೇಯುತ್ತಾ ಹೊರಗೆ ನಿಂತಿರುತ್ತದೆ, ಗ್ಯಾರೇಜಿನ ತಂಪಿನಲ್ಲಿ ಖಾಲಿ ತೋಟಾಗಳು ಡಬ್ಬಿ ಡಬ್ಬಿ ಕೂತಿರುತ್ತವೆ. ಇಂಥವರು ಅಲ್ಲಿ ಬೀದಿಗೊಬ್ಬರು. ನಮ್ಮ ಬೀದಿಯವರಿಗೆ ನಾನು, ಮನೆಯೊಳಗಿನ ಬಳಕೆಗೆ ಮಾತ್ರ, ಹಿತ್ತಾಳೆರಾಯರು ಎಂದು ಹೆಸರಿಟ್ಟಿದ್ದೇನೆ.

ಪಿಸ್ತೂಲಿನಿಂದ ಗುಂಡು ಹಾರಿದ ಮೇಲೆ ಹಿಂದೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಲೋಕ ಕಸ ಎನ್ನುತ್ತದೆ. ರಾಯರ ಲೆಕ್ಕದಲ್ಲಿ ಗುಂಡು ಹೋದದ್ದು ಹೋಯಿತು, ಉಳಿದದ್ದೇ ಆಸ್ತಿ. ಅದನ್ನು ತೊಳೆದು, ಅಚ್ಚಿಗೆ ಕೊಟ್ಟು ಅಳತೆಗೆ ತಂದು, ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರು ಕೂರಿಸಿ, ಮದ್ದು ತುಂಬಿ, ತಲೆಗೊಂದು ಗುಂಡು ಒತ್ತಿದರೆ ಮತ್ತೆ ತೋಟಾ ತಯಾರು. ಬಾಯಿ ಸೀಳುವವರೆಗೆ ಒಂದೇ ಕೊಳವೆ ಎಷ್ಟೋ ಜನ್ಮ ಎತ್ತುತ್ತದೆ. ಅಂಗಡಿಯ ತೋಟಾ ದುಬಾರಿ, ಕೈಯಾರೆ ತುಂಬಿದರೆ ಉಳಿತಾಯ ಎನ್ನುವುದು ಇವರ ಮೂಲಮಂತ್ರ. ಆ ಉಳಿತಾಯಕ್ಕಾಗಿ ಒಂದು ಪ್ರೆಸ್ಸು ಕೊಂಡರು. ಅದು ನಿಧಾನ ಎಂದು ಇನ್ನೊಂದು ಕೊಂಡರು. ಮದ್ದು ತೂಗಲು ತಕ್ಕಡಿ ಬಂತು, ಆ ತಕ್ಕಡಿ ಸುಳ್ಳು ಹೇಳುತ್ತಿದೆಯೇನೋ ಎಂದು ನೋಡಲು ಮತ್ತೊಂದು ಬಂತು. ಒಟ್ಟು ಎಷ್ಟಾಯಿತೆಂದು ಅವರ ಹೆಂಡತಿ ಒಮ್ಮೆ ಕೂಡಿಸಿ ನೋಡಿದರು. ಅಂದಿನಿಂದ ಬಿಲ್ಲುಗಳೂ ಗ್ಯಾರೇಜಿನಲ್ಲೇ ವಾಸ.

ಶೂಟಿಂಗ್ ರೇಂಜಿನಲ್ಲಿ ಎಲ್ಲರ ಕಣ್ಣು ಗುರಿಯ ಮೇಲಿದ್ದರೆ ರಾಯರ ಕಣ್ಣು ನೆಲದ ಮೇಲೆ. ಪಕ್ಕದವನ ಪಿಸ್ತೂಲು ಉಗುಳಿದ ಕೊಳವೆ ಟಣ್ ಎಂದರೆ ಸಾಕು, ಅದು ಯಾವ ಜಾತಿಯದೆಂದು ನೋಡದೆಯೇ ಹೇಳುತ್ತಾರೆ. ಮಂಡಿನೋವಿಗೆ ಬಗ್ಗಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹಿತ್ತಾಳೆಗೆ ಮಾತ್ರ ವಿನಾಯಿತಿ.

ಆಯ್ದು ತಂದದ್ದರ ವಿಚಾರಣೆ ಗ್ಯಾರೇಜಿನಲ್ಲಿ ನಡೆಯುತ್ತದೆ. ಕನ್ನಡಕವನ್ನು ಹಣೆಗೇರಿಸಿ, ಕೊಳವೆಯನ್ನು ದೀಪಕ್ಕೆ ಹಿಡಿದು, ಮೆಲ್ಲಗೆ ತಿರುಗಿಸುತ್ತಾ, ಅದರ ಮೈಗೆ ಹತ್ತಿದ ಮಸಿಯನ್ನು ಜೋಯಿಸರು ಹಸ್ತರೇಖೆ ನೋಡುವ ಹಾಗೆ ನೋಡುತ್ತಾರೆ. ಬಾಯಿಯ ಸುತ್ತ ತೆಳು ಬಳೆಯಷ್ಟು ಕಪ್ಪಿದ್ದರೆ ಶುಭ. ಒಂದು ಪಕ್ಕದಲ್ಲಿ ಬುಡದವರೆಗೂ ಇಳಿದಿದ್ದರೆ ನಿಟ್ಟುಸಿರು. "ಇದಕ್ಕೆ ಒತ್ತಡ ಸಾಲಲಿಲ್ಲ" ಎನ್ನುತ್ತಾರೆ, ಒತ್ತಡ ಕಡಿಮೆಯಾಗುವುದು ದೊಡ್ಡ ಕಾಯಿಲೆ ಎಂಬಂತೆ.

ವಿಷಯವೇನೋ ನಿಜ. ಮದ್ದು ಹತ್ತಿಕೊಂಡ ಕ್ಷಣ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟಬೇಕು, ಹೊಗೆ ಹಿಂದೆ ಬಾರದಂತೆ ದಾರಿ ಕಟ್ಟಬೇಕು. ಒತ್ತಡ ಕಮ್ಮಿಯಾದರೆ ಸರಿಯಾಗಿ ಉಬ್ಬುವುದಿಲ್ಲ. ಸಂದಿಯಲ್ಲಿ ನುಸುಳಿದ ಹೊಗೆ ಹೊರಮೈಗೆ ಕಪ್ಪು ಬಳಿದು ಹೋಗುತ್ತದೆ. 1902ರ ಹುಟ್ಟಿನ 9 ಎಂಎಂ ತೋಟಾಕ್ಕೆ ಅಮೆರಿಕದ ಮಾನದಂಡ ಕೊಡುವ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡು. ಅದಕ್ಕಿಂತ ತೋರವಾದ ಪಾಯಿಂಟ್ 45 ಎಸಿಪಿಗೆ ಬರೀ 21,000. ದೇಹ ದೊಡ್ಡದು, ಬಿಪಿ ಕಡಿಮೆ. ಮದ್ದು ತುಸು ಇಳಿಸಿದರೂ ಮಸಿ ಬಳಿದುಕೊಂಡು ಬರುತ್ತದೆ. ರಾಯರು ಪ್ರೀತಿಸುವುದು ಈ ತೋಟಾವನ್ನೇ. ಮದ್ದು ಹೆಚ್ಚಿಸಿದರೆ ಮಸಿ ಹೋಗಿ ಮಣಿಕಟ್ಟಿಗೆ ನೋವು ಬರುತ್ತದೆ. ಇಳಿಸಿದರೆ ಮಣಿಕಟ್ಟು ನೆಟ್ಟಗಾಗಿ ಮಸಿ ಬರುತ್ತದೆ. ಎರಡರ ನಡುವೆ ಸಿಕ್ಕಿಕೊಂಡಾಗಲೆಲ್ಲ ಮದ್ದಿನ ಮೇಲೆ ತಪ್ಪು ಹೊರಿಸಿ ಬೇರೆ ಡಬ್ಬಿ ತರುತ್ತಾರೆ. ಸ್ವಲ್ಪ ಹೊರಮಸಿಯಿಂದ ಕೊಳವೆಗೆ ಯಾವ ಕೇಡೂ ಇಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನೆಲ್ಲ ಒಪ್ಪಿಕೊಂಡರೆ ರಿಟೈರಾದ ಮೇಲೆ ಹೊತ್ತು ಹೋಗುವುದು ಹೇಗೆ?

ತೊಳೆಯುವುದರಲ್ಲಿ ಎರಡು ಪಂಥಗಳಿವೆ. ಒಣಪಂಥದವರು ಅದುರುವ ಬೋಗುಣಿಯಲ್ಲಿ ವಾಲ್‌ನಟ್ ಚಿಪ್ಪಿನ ಪುಡಿಯನ್ನೋ ಮೆಕ್ಕೆಜೋಳದ ದಿಂಡಿನ ಪುಡಿಯನ್ನೋ ಹಾಕಿ ಗಂಟೆಗಟ್ಟಲೆ ಗಡಗಡಿಸುತ್ತಾರೆ. ಒದ್ದೆಪಂಥದವರು ನೀರು, ಪಾತ್ರೆ ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್ಡು, ಒಂದು ರಾಶಿ ಸಣ್ಣ ಸ್ಟೀಲ್ ಕಡ್ಡಿಗಳ ಜೊತೆ ಪೀಪಾಯಿಯಲ್ಲಿ ಉರುಳಿಸುತ್ತಾರೆ. ರಾಯರು ಮತಾಂತರಗೊಂಡ ಒದ್ದೆಪಂಥೀಯರು, ಆದ್ದರಿಂದ ಹಳೆಯ ಪಂಥದ ಮೇಲೆ ಸಿಟ್ಟು ಜಾಸ್ತಿ. ಪೀಪಾಯಿಯಿಂದ ಬಗ್ಗಿಸಿದ ಕರಿನೀರನ್ನು ಕರೆದು ತೋರಿಸುತ್ತಾರೆ. ಹೊಗಳದೆ ಬರುವಂತಿಲ್ಲ.

ಊರಿಂದ ಬಂದಿದ್ದ ನಮ್ಮಮ್ಮ ಬೇಲಿಯಾಚೆಯಿಂದ ಇದನ್ನೆಲ್ಲ ಕೆಲವು ದಿನ ನೋಡಿದಳು.

"ಪಾಪ, ಆ ಯಜಮಾನರು ಹಿತ್ತಾಳೆ ಬೆಳಗೋದಕ್ಕೆ ಅಷ್ಟು ಒದ್ದಾಡ್ತಾರಲ್ಲೋ. ಹುಣಸೆಹಣ್ಣು ಹಾಕಿ ಅಂತ ಹೇಳಬಾರದಾ?"

ಹೇಳಿದೆ. ರಾಯರು ನಗಲಿಲ್ಲ. "ಟಾರ್ಟಾರಿಕ್ ಆಸಿಡ್!" ಎಂದು ಕೂಗಿ ನೋಟುಬುಕ್ಕು ತೆರೆದರು. ನಿಮ್ಮ ತಾಯಿಗೆ ಈ ಕೆಲಸದಲ್ಲಿ ಎಷ್ಟು ವರ್ಷದ ಅನುಭವ, ಯಾವ ಕ್ಯಾಲಿಬರು ಬೆಳಗುತ್ತಾರೆ ಎಂದು ಕೇಳಿದರು. ಅಮ್ಮನನ್ನು ವಿಚಾರಿಸಿದೆ.

"ದೀಪದ ಕಂಬ, ಹರಿವಾಣ, ಬಿಂದಿಗೆ. ಕೊಳದಪ್ಪಲೆ ಒಂದಿತ್ತು, ಅದನ್ನ ನಿಮ್ಮ ಚಿಕ್ಕಪ್ಪ ಒಯ್ದ."

ಹನ್ನೆರಡು ಇಂಚಿನವರೆಗೆ ಎಂದು ಅನುವಾದ ಮಾಡಿದೆ. ರಾಯರು ಬೇಲಿಯ ಕಡೆ ತಿರುಗಿ ಟೋಪಿ ತೆಗೆದರು.

ಆಮೇಲೆ ನನ್ನ ಮೇಲೂ ಗೌರವ ಹುಟ್ಟಿತು. ಭಾರತದವನು ಎಂದರೆ ಬೇರೆಯವರು ಯೋಗದ ಮಾತೋ ತಾಜಮಹಲಿನ ಮಾತೋ ಎತ್ತುತ್ತಾರೆ. ರಾಯರು ಎತ್ತಿದ್ದು ಕುದುರೆ ಗಂಜಳದ ಮಾತು. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯದಲ್ಲಿ ಇಡುತ್ತಿತ್ತಂತೆ. ಯಾರೂ ಮುಟ್ಟದೆ ಹಿತ್ತಾಳೆ ತಾನಾಗಿ ಬಿರುಕು ಬಿಡುತ್ತಿತ್ತು. ಕೊಳವೆ ಎಳೆಯುವಾಗ ಲೋಹದೊಳಗೆ ಉಳಿದ ಬಿಗಿತ ಮತ್ತು ಗಂಜಳದ ಅಮೋನಿಯಾ, ಇವೆರಡೂ ಸೇರಿ ಮಾಡಿದ ಕೆಲಸ ಇದೆಂದು ಲೋಹವಿಜ್ಞಾನಿಗಳು ವಿವರಿಸಿದ್ದು 1921ರಲ್ಲಿ. ಹಾಗಾಗಿ ಅಮೋನಿಯಾ ಇರುವ ಪಾಲಿಶ್ಶನ್ನು ರಾಯರು ಹೊಸ್ತಿಲು ದಾಟಲು ಬಿಡುವುದಿಲ್ಲ. "ನಿಮ್ಮ ದೇಶದ ಮಳೆಗಾಲಕ್ಕೆ ನಾವು ಋಣಿಗಳು" ಎಂದರು. ಸ್ವೀಕರಿಸಿದೆ, ದೇಶದ ಪರವಾಗಿ.

ತೊಳೆದದ್ದು ಒಣಗಬೇಕಲ್ಲ. ಹೆಂಡತಿ ಸೇಬಿನ ಹೋಳು ಒಣಗಿಸಲು ತಂದ, ತಟ್ಟೆಯ ಮೇಲೆ ತಟ್ಟೆಯಿಟ್ಟ ಬಿಸಿಗಾಳಿ ಯಂತ್ರವೊಂದು ಎಂದೋ ಅಡುಗೆಮನೆ ಬಿಟ್ಟು ಗ್ಯಾರೇಜು ಸೇರಿತ್ತು. ಒಂದು ಮೋಡದ ದಿನ ಅಮ್ಮ ಹುಣಸೆಹಣ್ಣಿನ ಸಲುಗೆಯಿಂದ, ಬೂದುಗುಂಬಳದ ಸಂಡಿಗೆ ಹಿಟ್ಟು ಹಿಡಿದು ನೇರ ಅಲ್ಲಿಗೇ ನಡೆದಳು. ಮೊದಲ ತಟ್ಟೆಗೆ ಸಂಡಿಗೆ ಇಡಬೇಕು ಎನ್ನುವಷ್ಟರಲ್ಲಿ ಮಂಡಿನೋವಿನ ರಾಯರು ಅಂಗಳದ ಆ ತುದಿಯಿಂದ ಓಡಿ ಬಂದರು. ಪ್ರೈಮರಿನಲ್ಲಿ ಸೀಸ ಇರುತ್ತದೆ, ಮಸಿಯಲ್ಲೂ ಇರುತ್ತದೆ, ತೋಟಾ ಮುಟ್ಟಿದ ಪಾತ್ರೆ ಊಟಕ್ಕೆ ಸಲ್ಲದು ಎಂದು ಏದುಸಿರು ಬಿಡುತ್ತಾ ಹೇಳಿದರು. ಮಸಿಯ ವಿಷಯದಲ್ಲಿ ಅವರು ನಿಜಕ್ಕೂ ಹೆದರಿದ್ದನ್ನು ನಾನು ಕಂಡದ್ದು ಅಂದೇ.

ಮರುದಿನ ಅಮ್ಮನಿಗೆಂದು ಹೊಸ ಯಂತ್ರವೇ ಬಂತು. ಸಂಡಿಗೆ ಚೆನ್ನಾಗಿ ಒಣಗಿತು. ಅದರ ಬೆಲೆಯನ್ನು ರಾಯರು ತೋಟಾ ಖಾತೆಯಲ್ಲಿ, ಸಲಹೆಗಾರರ ಶುಲ್ಕ ಎಂದು ಬರೆದುಕೊಂಡಿದ್ದಾರೆ. ಅವರ ಹೆಂಡತಿ ಸೇಬನ್ನು ಈಗಲೂ ಅಂಗಡಿಯಿಂದ ಒಣಗಿದ್ದನ್ನೇ ತರುತ್ತಾರೆ.