ಓಡದ ಕಾರಿನ ಅರ್ಥಮೀಮಾಂಸೆ

ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಹಣ ಹೂಡುವವರಿಗೆ ಬುದ್ಧಿ ಹೇಳುವ ಪಂಡಿತರು ಪ್ಯಾರಿಸ್, ಕ್ಯಾಲಿಫೋರ್ನಿಯಾಗಳ ಹರಾಜುಕಟ್ಟೆ ಬಿಟ್ಟು ಕದಲುವುದಿಲ್ಲ. ನವಿ ಮುಂಬಯಿಯ ಕಾಮೋಠೆಯನ್ನು ಅವರು ಗಣನೆಗೇ ತೆಗೆದುಕೊಂಡಿಲ್ಲ. ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಸೆಕ್ಟರುಗಳ ಒಳಗೆ ಬಂದಿದ್ದರೆ, ಯಾವುದೋ ಸೊಸೈಟಿಯ ಕಂಬಗಳ ನಡುವೆ, ನೀಲಿ ತಾಡಪತ್ರಿಯ ಕೆಳಗೆ, ನಾಲ್ಕೂ ಟೈರು ನೆಲಕಚ್ಚಿ ಕೂತ ಪ್ರೀಮಿಯರ್ ಪದ್ಮಿನಿಯೊಂದರ ದರ್ಶನವಾಗಿ ಅವರ ಶಾಸ್ತ್ರ ಬೇರೆಯೇ ಆಗುತ್ತಿತ್ತು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದು: ಇಟಲಿ ಮೂಲದ ಸ್ಪೋರ್ಟ್ಸ್ ಕಾರಿನ ಬೆಲೆ ಅದು ಓಡುವ ದೂರಕ್ಕೆ ವಿಲೋಮವಾಗಿರುತ್ತದೆ, ಆದಕಾರಣ ಒಂದಿಂಚೂ ಓಡದ ಪದ್ಮಿನಿಗಿಂತ ಉತ್ತಮ ಹೂಡಿಕೆ ಇನ್ನೊಂದಿಲ್ಲ.

ಪದ್ಮಿನಿ ಸ್ಪೋರ್ಟ್ಸ್ ಕಾರೇ ಅಲ್ಲವಲ್ಲ ಎಂದು ಪೂರ್ವಪಕ್ಷಿಗಳು ಏಳುತ್ತಾರೆ. 1089 ಸಿಸಿ, ನಲವತ್ತರ ಆಸುಪಾಸು ಅಶ್ವಶಕ್ತಿ, ಸ್ಟೀರಿಂಗಿಗೆ ಆತುಕೊಂಡ ಗೇರು. ಇದೆಂಥ ಪಂದ್ಯದ ಕುದುರೆ ಎಂಬುದು ಅವರ ವಾದ. ಇವರು ಕುಲಗೋತ್ರ ವಿಚಾರಿಸಿದವರಲ್ಲ. ಎಂಜೊ ಫೆರಾರಿ ಸ್ವತಂತ್ರವಾಗಿ ಕಟ್ಟಿದ ಮೊದಲ ಕಾರು 1940ರ 815. ಅದರ ಎಂಟು ಸಿಲಿಂಡರಿನ ಎಂಜಿನ್ನಿಗೆ ಆತ ಫಿಯೆಟ್ 1100ರ ಎರಡು ಸಿಲಿಂಡರ್ ಹೆಡ್ಡುಗಳನ್ನು ಸಾಲಾಗಿ ಜೋಡಿಸಿದ. ಆ ಫಿಯೆಟ್ಟಿನ 1089 ಸಿಸಿ ವಂಶದ ಕುಡಿಯೇ ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿಯ ಹೊಟ್ಟೆ ಸೇರಿತು. ಎರಡು ಫಿಯೆಟ್ ಸೇರಿದರೆ ಒಂದು ಫೆರಾರಿ ಎಂದಾದಮೇಲೆ ಒಂದು ಪದ್ಮಿನಿ ಅರ್ಧ ಫೆರಾರಿ ಎಂಬುದು ಮಗ್ಗಿ ಬಲ್ಲ ಮಗುವಿಗೂ ಹೊಳೆಯುತ್ತದೆ. 1969ರಲ್ಲಿ ಫಿಯೆಟ್ ಕಂಪನಿ ಫೆರಾರಿಯಲ್ಲಿ ಶೇಕಡ 50 ಪಾಲನ್ನು ಕೊಂಡದ್ದು ಈ ಲೆಕ್ಕಕ್ಕೆ ಬಿದ್ದ ಮೊಹರು. ಆಲ್ಫಾ ರೋಮಿಯೊ ಜೊತೆಗಿನ ಕರಾರಿನಿಂದಾಗಿ 815ರ ಮೇಲೆ ಫೆರಾರಿ ತನ್ನ ಹೆಸರು ಹಾಕುವಂತಿರಲಿಲ್ಲ; ನಮ್ಮದೂ ಫಿಯೆಟ್ ಹೆಸರು ಕಳಚಿಕೊಂಡು 1974ರಲ್ಲಿ ಪದ್ಮಿನಿಯಾಯಿತು. ಸ್ವಭಾವದಲ್ಲೂ ವ್ಯತ್ಯಾಸವಿಲ್ಲ. 1940ರಲ್ಲಿ ಬ್ರೆಸಿಯಾದ ಪಂದ್ಯಕ್ಕೆ ಇಳಿದ ಎರಡು 815ಗಳೂ ನಡುದಾರಿಯಲ್ಲಿ ಕೆಟ್ಟು ನಿಂತವು. ಖಂಡಾಲಾ ಘಾಟಿ ಏರಿದ ಯಾವ ಪದ್ಮಿನಿ ಮಾಲೀಕನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮೂಲ ಸಿದ್ಧಾಂತಕ್ಕೆ ಪ್ರಮಾಣ. ಫೆರಾರಿ 250 ಜಿಟಿಒ ಬರೇ 36 ತಯಾರಾದವು. ಹೊಸದಾಗಿ, ಮೈಮೇಲೆ ಬಂದವರಂತೆ ಓಡುತ್ತಿದ್ದ ಕಾಲಕ್ಕೆ ಅಮೆರಿಕದಲ್ಲಿ ಅದರ ಬೆಲೆ 18,000 ಡಾಲರ್. ಓಟ ನಿಲ್ಲಿಸಿ ಸಂಗ್ರಹಗಳಲ್ಲಿ ತಣ್ಣಗೆ ಕೂತಮೇಲೆ, 2018ರ ಹರಾಜಿನಲ್ಲಿ ಒಂದಕ್ಕೆ 4 ಕೋಟಿ 84 ಲಕ್ಷ ಡಾಲರ್. ಅದರ ತೂಕ ಸುಮಾರು 880 ಕಿಲೊ ಎಂದರೆ ಕಿಲೊಗೆ 55,000 ಡಾಲರ್ ಬಿತ್ತು. ಪದ್ಮಿನಿ 895 ಕಿಲೊ ತೂಗುತ್ತದೆ. ಹದಿನೈದು ಕಿಲೊ ಹೆಚ್ಚುವರಿ ಲಾಭ. ಪಕ್ಕದ ಕಳಂಬೋಲಿ ಉಕ್ಕು ಮಾರುಕಟ್ಟೆಯ ವ್ಯಾಪಾರಿಗಳು ಈ ದರವನ್ನು ಒಪ್ಪಲಾರರು, ಆದರೆ ಅವರಿಗೆ ಕಲಾಪ್ರಜ್ಞೆ ಕಡಿಮೆ. ಇದಕ್ಕಿಂತ ಬಲವಾದ ಪ್ರಮಾಣವೂ ಇದೆ. ಫ್ರಾನ್ಸಿನ ಹಳ್ಳಿಮನೆಯೊಂದರ ಶೆಡ್ಡಿನಲ್ಲಿ ಹಳೆಯ ಪತ್ರಿಕೆಗಳ ರಾಶಿ ಹೊತ್ತು ದಶಕಗಳ ಕಾಲ ನಿಂತಿದ್ದ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ 2015ರಲ್ಲಿ ಪ್ಯಾರಿಸ್ಸಿನಲ್ಲಿ ಧೂಳಿನ ಸಮೇತ 1 ಕೋಟಿ 63 ಲಕ್ಷ ಯೂರೊಗೆ ಹೋಯಿತು. ಧೂಳು ಒರೆಸದೇ ಇದ್ದದ್ದು ಮಾರಾಟದ ಜಾಣತನ. ಕಾಮೋಠೆಯ ಪದ್ಮಿನಿಗಳ ಮೇಲೆ ಪತ್ರಿಕೆಗಳ ಜೊತೆಗೆ ಮುರಿದ ಕೂಲರ್, ಗಣೇಶ ಹಬ್ಬದ ಥರ್ಮೋಕೋಲು, ಸಂಸಾರವಂದಿಗ ಬೆಕ್ಕು ಇವೆಲ್ಲ ಇರುವುದನ್ನು ಮೌಲ್ಯಮಾಪಕರು ಗಮನಿಸಬೇಕು.

ಸ್ವದೇಶದ ಇತಿಹಾಸವೂ ಇದನ್ನೇ ಹೇಳುತ್ತದೆ. ಲೈಸೆನ್ಸ್ ರಾಜ್ ಕಾಲದಲ್ಲಿ ಕಾರಿನ ಬೆಲೆಯನ್ನು ಸರ್ಕಾರ ಕಟ್ಟುತ್ತಿತ್ತು, ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು, ಕೈಸೇರಿದ ದಿನವೇ ಮೇಲುದುಡ್ಡಿಗೆ ಮಾರಬಹುದಿತ್ತು. ಕಾರು ಅತಿಹೆಚ್ಚು ಬಾಳುತ್ತಿದ್ದದ್ದು ಅದು ರಸ್ತೆಗಿಳಿಯುವ ಮುನ್ನ. ಬೆವರು ಸುರಿಸಿ ಓಡಿದವುಗಳ ಗತಿ ನೋಡಿ: ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿ, ಇಪ್ಪತ್ತು ವರ್ಷದ ಗಡುವು ಮುಗಿದು 2023ರಲ್ಲಿ ರಸ್ತೆ ಬಿಟ್ಟಿತು. ಅದರ ಬಂಧುಬಳಗ ಹುಟ್ಟಿದ್ದೂ ಕುರ್ಲಾದಲ್ಲಿ, ಅನೇಕವು ಬಿಡಿಭಾಗಗಳಾದದ್ದೂ ಅದೇ ಕುರ್ಲಾದ ಭಂಗಾರ್ ಎಂಬ ಗುಜರಿ ಬಜಾರಿನಲ್ಲಿ. ಇದನ್ನೆಲ್ಲ ಕಂಡೇ ಇರಬೇಕು, ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ದಾಟಿದ ಕಾರುಗಳಿಗೆ ವಿಂಟೇಜ್ ಪಟ್ಟ ಕೊಟ್ಟು, 20,000 ರೂಪಾಯಿ ಶುಲ್ಕ ಕಟ್ಟಿಸಿಕೊಂಡು, ಅವನ್ನು ದಿನನಿತ್ಯ ಓಡಿಸಕೂಡದೆಂದು ವಿಧಿಸಿತು. 1974ರ ಪದ್ಮಿನಿಗಳು 2024ರಲ್ಲಿ ಈ ಪದವಿಗೆ ಅರ್ಹವಾದವು. ಕಾಮೋಠೆಯವು ಆ ನಿಯಮವನ್ನು ಅರ್ಜಿ ಹಾಕುವ ಮೊದಲೇ ಪಾಲಿಸಿಕೊಂಡು ಬಂದಿವೆ. ಕಾರು ಮೂಲರೂಪದಲ್ಲಿರಬೇಕೆಂಬ ಷರತ್ತೊಂದಿದೆ, ನಿಜ. ತುಕ್ಕು ಅದರ ಮೂಲ ಕಬ್ಬಿಣದಿಂದಲೇ ಹುಟ್ಟಿದ್ದು, ಹೊರಗಿನಿಂದ ತಂದು ಹಚ್ಚಿದ್ದಲ್ಲ.

ಕಟ್ಟಕಡೆಯ ಹಾಗೂ ಅತಿ ಉಗ್ರ ಪೂರ್ವಪಕ್ಷಿ ಸೊಸೈಟಿಯ ಸೆಕ್ರೆಟರಿ. ವಾರ್ಷಿಕ ಸಭೆಯಲ್ಲಿ ಆತ ಎತ್ತುವ ಆಕ್ಷೇಪ ಒಂದೇ: ಈ ಡಬ್ಬಾ ಜಾಗ ತಿನ್ನುತ್ತಿದೆ. ಆತನಿಗೆ ತಿಳಿಯದಂತೆ ಆತ ಸಿದ್ಧಾಂತದ ತಿರುಳನ್ನೇ ಮುಟ್ಟಿದ್ದಾನೆ. ಕಂಬಗಳ ನಡುವಿನ ಪಾರ್ಕಿಂಗನ್ನು ಬಿಲ್ಡರು ಬಿಡಿಯಾಗಿ ಮಾರುವಂತಿಲ್ಲವೆಂದು ದಹಿಸರದ ಸೊಸೈಟಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿದೆ. ಹಣಕ್ಕೆ ಸಿಗದ ಜಾಗವನ್ನು ಭದ್ರವಾಗಿ ಹಿಡಿಯಲು ಉಳಿಯುವುದು ಕೂತಲ್ಲಿಂದ ಏಳದ ಕಾರು ಮಾತ್ರ. ಹೊಸ ಕಾರಿನವನು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟು ಜಾಗ ಕಳೆದುಕೊಳ್ಳುತ್ತಾನೆ, ರಾತ್ರಿ ಎಂಟಕ್ಕೆ ಬಂದು ಸೆಕ್ಟರು ಸುತ್ತುತ್ತಾನೆ. ಪದ್ಮಿನಿಯದು ಅರವತ್ತು ಚದರಡಿಯ ಅಖಂಡ ಸಾಮ್ರಾಜ್ಯ.

ಲಾಭವನ್ನು ನಗದು ಮಾಡಿಕೊಳ್ಳುವುದು ಹೇಗೆಂದು ಚುರುಕು ಬುದ್ಧಿಯವರು ಕೇಳಬಹುದು. ಮಾರಬೇಕಾದರೆ ಕಾರನ್ನು ಹೊರಗೆ ಎಳೆಯಬೇಕು. ಎಳೆದ ಮರುಗಳಿಗೆ ಆ ಜಾಗದಲ್ಲಿ ಎದುರುಮನೆಯವರ ಸ್ಕೂಟರ್ ನಿಂತಿರುತ್ತದೆ, ಹೂಡಿಕೆ ಭಂಗಾರ್ ದರಕ್ಕೆ ಇಳಿದಿರುತ್ತದೆ. ಆದ್ದರಿಂದ ಜಾಣ ಹೂಡಿಕೆದಾರ ಕಾರನ್ನು ಬಿಡಿಯಾಗಿ ಮಾರುವುದಿಲ್ಲ. ಎಸ್ಟೇಟ್ ಏಜೆಂಟನನ್ನು ಕರೆಸಿ, ಮೂರನೇ ಮಹಡಿಯ ಒನ್ ಬಿಎಚ್‌ಕೆ, ಕೆಳಗೆ ಇಟಾಲಿಯನ್ ಕ್ಲಾಸಿಕ್ ಸಮೇತ ಎಂದು ಬರೆಸುತ್ತಾನೆ. ಕೀಲಿಕೈ ಕೇಳಿದರೆ ಮನೆಯದನ್ನಷ್ಟೇ ಕೊಡುತ್ತಾನೆ. ಕಾರಿನದು ಎಲ್ಲಿದೆಯೋ ಅವನಿಗೂ ಗೊತ್ತಿರುವುದಿಲ್ಲ.