ಪಾಪಕ್ಕೆ ರಸೀದಿ

ಸತ್ತ ಮೇಲೆ ಅನುಭವಿಸಬೇಕಾದ ಶಿಕ್ಷೆಯನ್ನು ಬದುಕಿರುವಾಗಲೇ ದುಡ್ಡು ಕೊಟ್ಟು ಕಡಿಮೆ ಮಾಡಿಸಿಕೊಳ್ಳುವ ಚೀಟಿಗಳನ್ನು ಕ್ಯಾಥೊಲಿಕ್ ಚರ್ಚು ಒಂದು ಕಾಲಕ್ಕೆ ಯುರೋಪಿನ ಊರೂರಲ್ಲಿ ಮಾರಿಸಿತು. ರೋಮಿನ ಸಂತ ಪೀಟರ್ ಮಹಾದೇವಾಲಯದ ಗೋಡೆ ಎದ್ದದ್ದು ಆ ದುಡ್ಡಿನಿಂದಲೂ ಹೌದು. 1517ರಲ್ಲಿ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ ತಕರಾರು ತೆಗೆದ, ಚರ್ಚೇ ಒಡೆಯಿತು. ಮಾರಾಟ ನಿಂತರೂ ಐಡಿಯಾ ಸಾಯಲಿಲ್ಲ.

2007ರಲ್ಲಿ ಅಮೆರಿಕದ ಕಂಪನಿಯೊಂದು ಪೋಪರ ದೇಶವಾದ ವ್ಯಾಟಿಕನ್ನಿನ ಬಾಗಿಲಿಗೆ ಬಂತು. ಈ ಪುಣ್ಯಭೂಮಿ ಬಿಡುವ ಹೊಗೆಗೆಲ್ಲ ಸಾಟಿಯಾಗುವಷ್ಟು ಕಾಡನ್ನು ಹಂಗೇರಿಯಲ್ಲಿ ಬೆಳೆಸಿಕೊಡುತ್ತೇವೆ, ಅದೂ ಪುಕ್ಕಟೆ, ಎಂದಿತು. ಕಾರ್ಡಿನಲ್ ಒಬ್ಬರು ಪ್ರಮಾಣಪತ್ರ ಸ್ವೀಕರಿಸಿದರು. ಇಂಗಾಲದ ಲೆಕ್ಕ ಚುಕ್ತಾ ಮಾಡಿದ ಜಗತ್ತಿನ ಮೊದಲ ದೇಶ ಎಂದು ಸುದ್ದಿಯೂ ಆಯಿತು. 2010ರಲ್ಲಿ ಪತ್ರಿಕೆಯವರು ಹೋಗಿ ನೋಡಿದರೆ ಒಂದು ಸಸಿಯನ್ನೂ ನೆಟ್ಟಿರಲಿಲ್ಲ. ಹಳೆಯ ಚೀಟಿ ಕೊಂಡವರಿಗೆ ಸ್ವರ್ಗ ಸಿಕ್ಕಿತೇ ಎಂದು ಹೋಗಿ ನೋಡಿಬಂದವರಿಲ್ಲ. ಹಂಗೇರಿಗೆ ಹೋಗಿಬರಬಹುದು, ಅದೇ ಎಡವಟ್ಟಾಯಿತು. (2008ರಲ್ಲಿ ಆರನೇ ಪಾಲ್ ಸಭಾಂಗಣದ ಚಾವಣಿಗೆ ಹಾಕಿದ ಸುಮಾರು 2,400 ಸೌರಫಲಕಗಳು ಮಾತ್ರ ನಿಜವಾದವು. ಬೇಕಾದವರು ಎಣಿಸಿಕೊಳ್ಳಬಹುದು.)

2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸಿ' ಎಂಬ ಬೋಧನಾಪತ್ರ ಬರೆದರು. 246 ಪರಿಚ್ಛೇದಗಳು. 171ನೆಯದರಲ್ಲಿ, ಕಾರ್ಬನ್ ಕ್ರೆಡಿಟ್ ಕೊಂಡು ಮಾರುವುದು ಹೊಸ ಬಗೆಯ ಸಟ್ಟಾ ಆದೀತು, ಕೆಲವರ ದುಂದುಗಾರಿಕೆಗೆ ನೆಪವಾದೀತು ಎಂದು ಎಚ್ಚರಿಸಿದರು. ಅನುಭವಸ್ಥರ ಮಾತು! 55ನೆಯದರಲ್ಲಿ ಏರ್ ಕಂಡೀಷನರಿನ ಮೇಲೂ ಕಣ್ಣು ಬಿತ್ತು. ಕೆಲವು ಭಕ್ತರ ತಾಳ್ಮೆ ಮುಗಿಯಿತು. ಅಮೆರಿಕದ ಅಧ್ಯಕ್ಷ ಗಾದಿಗೆ ಹೊರಟಿದ್ದ ಕ್ಯಾಥೊಲಿಕ್ ಜೆಬ್ ಬುಷ್, ನನ್ನ ಆರ್ಥಿಕ ನೀತಿ ಬಿಷಪ್ಪರಿಂದಲೋ ಪೋಪರಿಂದಲೋ ಬರುವುದಿಲ್ಲ ಎಂದುಬಿಟ್ಟರು. ಗರ್ಭಪಾತದ ಮಾತು ಬಂದರೆ ಅಲ್ಲಿನ ಇಂಥ ಹಲವು ರಾಜಕಾರಣಿಗಳಿಗೆ ಅದೇ ಪೀಠದ ನುಡಿ ವೇದವಾಕ್ಯ. ಪೆಟ್ರೋಲಿನ ಮಾತು ಬಂದಾಗ ಪೋಪ್ ಬರಿಯ ಒಬ್ಬ ಹಿರಿಯರು, ಪಾಪ, ಅವರಿಗೇನು ತಿಳಿದೀತು.

ಪತ್ರಕ್ಕೆ ಹತ್ತು ವರ್ಷ ತುಂಬಿದ ನೆನಪಿಗೆ 2025ರ ಅಕ್ಟೋಬರಿನಲ್ಲಿ ಇಟಲಿಯ ಕಾಸ್ಟೆಲ್ ಗಂಡೋಲ್ಫೊದಲ್ಲಿ ಸಮಾವೇಶ. ಹಾಲಿವುಡ್ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕೂಡ ಬಂದಿದ್ದರು. ಫ್ರಾನ್ಸಿಸರ ನಂತರ ಬಂದ ಪೋಪ್ ಹದಿನಾಲ್ಕನೇ ಲಿಯೊ, ಗ್ರೀನ್‌ಲ್ಯಾಂಡಿನಿಂದ ತಂದ 20,000 ವರ್ಷ ಹಳೆಯ ಮಂಜುಗಡ್ಡೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಅಷ್ಟು ದೂರದಿಂದ ಅದನ್ನು ಸಾಗಿಸಿದ ಹೊಗೆಗೆ ಪ್ರಾಯಶ್ಚಿತ್ತವಾಗಿ ಎಲ್ಲಿ ಗಿಡ ನೆಡುತ್ತೀರಿ ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಹಂಗೇರಿಯ ಹೆಸರು ಹೇಳಬೇಡಿ.