ಬೇಲಿಯಾಚೆ ಕಾಕು, ಟಿವಿಯೊಳಗೆ ಚಾರ್ಲಿ

"ಯಾಕ್ರಿ ಕಾಕು, ಕಣ್ಣು ಬಾತಾವಲ್ಲ?" ಅಂದೆ. ಬೇಲಿಯ ಆ ಕಡೆ ಅರಿವೆ ಒಣಹಾಕುತ್ತಿದ್ದ ಕಾಕು, "ರಾತ್ರಿ ಟಿವ್ಯಾಗ ಆ ನಾಯಿ ಪಿಚ್ಚರ್ ಹಚ್ಚಿದ್ರಲ್ಲವಾ, ಚಾರ್ಲಿ! ನಾನೂ ಅತ್ತೆ, ಮೊಮ್ಮಗಾನೂ ಅತ್ತ. ನಿಮ್ಮ ಕಾಕಾ ಉಣ್ಣದನ ಮಲ್ಕೊಂಡ್ರು" ಅಂದರು.

ಅಳಲಿ ಬಿಡ್ರಿ, ಅದರಲ್ಲೇನು ತಪ್ಪು? 2022ರ ಜೂನ್‌ನಲ್ಲಿ ಈ ಸಿನಿಮಾ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಎಲ್ಲರೆದುರು ಕಣ್ಣೀರು ಹಾಕಿದ್ದರು. ಹಿಂದಿನ ವರ್ಷವಷ್ಟೇ ತಮ್ಮ ಮನೆಯ ನಾಯಿಯನ್ನು ಕಳೆದುಕೊಂಡಿದ್ದರು ಅವರು. '777 ಚಾರ್ಲಿ' ಮಾಡಿದವರು ಕಾಸರಗೋಡಿನ ಕಿರಣರಾಜ್. ಅವರು ಆ ತುದಿಯ ಗಡಿಯವರು, ನಾವು ಈ ತುದಿಯ, ಮಹಾರಾಷ್ಟ್ರದ ಗಡಿಯವರು. ಕಾಕುವಿನ ತಂಗಿಯನ್ನು ಮಿರಜಕ್ಕೆ ಕೊಟ್ಟಿದ್ದಾರೆ, ಆಕೆಗೆ ಮರಾಠಿಯೇ ಮನೆಮಾತಾಗಿಬಿಟ್ಟಿದೆ. ಆಕೆಯೂ ಇದೇ ಸಿನಿಮಾವನ್ನು ಹಿಂದಿಯಲ್ಲಿ ನೋಡಿ ಅತ್ತಳಂತೆ. ನಾಯಿಯ ಮಾತಿಗೆ ಡಬ್ಬಿಂಗ್ ಬೇಕಿಲ್ಲವಲ್ಲ.

ಕಾಕುಗೆ ಚಾರ್ಲಿಗಿಂತ ಹೆಚ್ಚು ಪ್ರೀತಿ ಜಾಕಿ ಶ್ರಾಫ್‌ನ 'ತೇರಿ ಮೆಹರ್‌ಬಾನಿಯಾ'. "ಧಣಿನ್ನ ಕೊಂದವರನ್ನ ಆ ಮೋತಿ ಹುಡುಕಿ ಹುಡುಕಿ ಹಿಡೀತೈತಿ ನೋಡವಾ, ಅದು ನಿಯತ್ತು ಅಂದ್ರ!" ಅಂದರು. 1985ರ ಆ ಹಿಂದಿ ಸಿನಿಮಾದ ಮೂಲ ಕನ್ನಡದ್ದೇ, ಅದರ ಹಿಂದಿನ ವರ್ಷ ಬಂದ ಶಂಕರನಾಗ್ ಅವರ 'ತಾಳಿಯ ಭಾಗ್ಯ' ಎಂದು ಹೇಳಿದಾಗ ಕಾಕು ಕೈಯಲ್ಲಿದ್ದ ಧೋತರವನ್ನು ಬೇಲಿಯ ಮೇಲೇ ಬಿಟ್ಟು ಹತ್ತಿರ ಬಂದರು.

ಆದರೂ ನಿಯತ್ತಿನ ವಿಷಯದಲ್ಲಿ ಕಾಕು ಮತ್ತು ನನ್ನ ನಡುವೆ ಒಮ್ಮತವಿಲ್ಲ. ಸೇಡು ಮನುಷ್ಯರ ಕೆಲಸ. ಅದನ್ನು ನಾಯಿಯ ತಲೆಗೆ ಕಟ್ಟಿದರೆ ಚಪ್ಪಾಳೆ ಬೀಳುತ್ತದೆ, ನಾಯಿ ಮಾತ್ರ ಕಾಣೆಯಾಗುತ್ತದೆ. ಚಾರ್ಲಿ ಹಾಗಲ್ಲ. ಸಿನಿಮಾದ ನಾಯಕ ಧರ್ಮನ ಮನೆಯ ಸಾಮಾನೆಲ್ಲ ಹರಿದು ಹಾಕುತ್ತದೆ, ಬೈದರೂ ಬೆನ್ನು ಬಿಡುವುದಿಲ್ಲ, ಟಿವಿಯಲ್ಲಿ ಹಿಮ ಕಂಡರೆ ಅಲ್ಲೇ ನೆಟ್ಟ ಕಣ್ಣಿಂದ ಕೂರುತ್ತದೆ. ಓಣಿಯ ಮಕ್ಕಳೆಲ್ಲ ಹೆದರುತ್ತಿದ್ದ, ಯಾರೊಡನೆಯೂ ಬೆರೆಯದ ಆ ಮನುಷ್ಯ, ಕಾಯಿಲೆ ಬಿದ್ದ ನಾಯಿಯನ್ನು ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಹೊರಡುತ್ತಾನೆ. ನಾಯಿ ಮಾಡಿದ್ದು ಇಷ್ಟೇ, ಅವನ ಜೊತೆಗಿತ್ತು. ಅಷ್ಟಕ್ಕೇ ಮನುಷ್ಯ ಬದಲಾದ.

ಜಪಾನಿನ ಹಾಚಿಕೋ ಕಥೆಯೂ ಇಂಥದ್ದೇ. ಪ್ರಾಧ್ಯಾಪಕರೊಬ್ಬರು ರೈಲಿನಿಂದ ಇಳಿಯುವ ಹೊತ್ತಿಗೆ ಶಿಬುಯಾ ಸ್ಟೇಷನ್ನಿಗೆ ಬರುತ್ತಿದ್ದ ನಾಯಿ, ಅವರು 1925ರಲ್ಲಿ ತೀರಿಕೊಂಡ ಮೇಲೂ ಬರುತ್ತಲೇ ಇತ್ತು, 1935ರಲ್ಲಿ ತಾನು ಸಾಯುವವರೆಗೂ. 1987ರಲ್ಲಿ ಜಪಾನಿನವರು, 2009ರಲ್ಲಿ ಅಮೆರಿಕದವರು ಇದನ್ನು ಸಿನಿಮಾ ಮಾಡಿದರು. ನಮ್ಮ ಕಡೆಯ ಶೇಡಬಾಳದ ಸ್ಟೇಷನ್ನಿನಿಂದಲೂ ಬೆಳಿಗ್ಗೆ ಮಿರಜ ಗಾಡಿ ಹತ್ತಿ ಸಂಜೆ ಮರಳುವವರಿದ್ದಾರೆ. ಅವರ ಮನೆಯ ನಾಯಿಗಳಿಗೆ ಗಾಡಿಯ ಹೊತ್ತು ಗೊತ್ತು. ಅದಕ್ಕೇ ಆ ಕಥೆ ಇಲ್ಲಿಯವರಿಗೂ ಪರಕೀಯ ಅನ್ನಿಸುವುದಿಲ್ಲ.

"ಇಂಥಾವೆಲ್ಲ ಈಗಿನ ಪಿಚ್ಚರ್‌ದಾವ್ರು ಕಂಡುಹಿಡಿದಾರ" ಅಂದರು ಕಾಕು. ಅಲ್ಲವೇ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರ ವೀರಗಲ್ಲೊಂದು ಸಿಕ್ಕಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಜೊತೆ ಹೋರಾಡಿದ ಮಣಲೆರನಿಗೆ ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿಯನ್ನು ದತ್ತಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿ ಗೊರವ ಉಣ್ಣಬಾರದೆಂದು ಬರೆಸಿದ. ಹಂದಿಯ ಮೇಲೆ ಬಿದ್ದ ಕಾಳಿಯ ಚಿತ್ರ ಆ ಕಲ್ಲಿನ ಮೇಲಿದೆ, ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಲೆಕ್ಕದಲ್ಲಿ ಕನ್ನಡದ ಮೊದಲ ನಾಯಿ ಸಿನಿಮಾ ಅದೇ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಜ್ಯ ಕೇಳಬಹುದಿತ್ತು, ನಾಯಿ ಕೇಳಿದ್ನಲ್ಲ ಪುಣ್ಯಾತ್ಮ" ಅಂದರು.

ಆಮೇಲೆ ನಿಜವಾದ ಸಂಗತಿ ಹೊರಬಿತ್ತು. ಮೊಮ್ಮಗ ಬೆಳಿಗ್ಗೆಯಿಂದ ಚಾರ್ಲಿಯಂಥದೇ ಲ್ಯಾಬ್ರಡಾರ್ ಮರಿ ಬೇಕೆಂದು ಹಠ ಹಿಡಿದಿದ್ದಾನಂತೆ. ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂದೆ. ರೊಕ್ಕದಾಸೆಗೆ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸುವವರಿಂದಲೇ ಚಾರ್ಲಿಗೆ ಆ ರೋಗ ಬಂದದ್ದು. ಸಿನಿಮಾ ಹೇಳುವುದೇ ಅದನ್ನು. ಅದನ್ನೇ ನೋಡಿ ಅಂಥವರ ಹತ್ತಿರ ಮರಿ ಕೊಳ್ಳಲು ಹೋದರೆ ಅತ್ತದ್ದು ದಂಡ. ಮೇಲಾಗಿ ದಪ್ಪ ತುಪ್ಪಳದ ಆ ಪ್ರಾಣಿಗೆ ನಮ್ಮ ಕಡೆಯ ಏಪ್ರಿಲ್ ಬಿಸಿಲು ಹಿಂಸೆ.

ಕಾಕು, ಮೊಮ್ಮಗನಿಗೆ ಹೇಳ್ರಿ: ನಮ್ಮ ಓಣ್ಯಾಗಿನ ಕೆಂಚಿ ನಾಯಿ ಮರಿ ಹಾಕೇತಿ. ತಾಯಿ ಹಾಲು ಬಿಟ್ಟ ಮ್ಯಾಲ ಒಂದನ್ನ ಮನಿಗೆ ತರ್ರಿ. ಮೂರು ತಿಂಗಳು ತುಂಬಿದ ಕೂಡಲೇ ದನದ ದವಾಖಾನಿಗೆ ಒಯ್ದು ಹುಚ್ಚುನಾಯಿ ರೋಗದ ಇಂಜೆಕ್ಷನ್ ಮಾಡಸ್ರಿ, ಆಮ್ಯಾಲ ವರ್ಷಾ ವರ್ಷಾ ಮರೀಬ್ಯಾಡ್ರಿ.